ಕ್ಯಾಸಿನೊ ಚಿಪ್‌ಗಳ ಪಟ್ಟಿ: ಬಣ್ಣದ ಹೆಸರಷ್ಟೇ ಸಾಲದು

ಮಾನ್ಯ ಸಂಪಾದಕರೇ,

ನಿಮ್ಮ ಭಾನುವಾರದ ಪುರವಣಿಯ ಸಂಗ್ರಹ ಹವ್ಯಾಸಗಳ ಪುಟದಲ್ಲಿ ಅಂಚೆಚೀಟಿ, ನಾಣ್ಯ, ಬೆಂಕಿಪೊಟ್ಟಣದ ಲೇಬಲ್ಲುಗಳ ಜೊತೆಗೆ ಅಮೆರಿಕದ ಕ್ಯಾಸಿನೊ ಚಿಪ್‌ಗಳಿಗೂ, ಅಂದರೆ ಜೂಜುಮನೆಗಳಲ್ಲಿ ಹಣದ ಬದಲು ಬಳಸುವ ಬಿಲ್ಲೆಗಳಿಗೂ, ಜಾಗ ಸಿಕ್ಕಿದ್ದು ಸಂತೋಷ. ಆದರೆ ಚಿತ್ರಗಳ ಕೆಳಗೆ ‘ಕೆಂಪು 5 ಡಾಲರ್’, ‘ನೇರಳೆ 500 ಡಾಲರ್’ ಎಂದಷ್ಟೇ ಬರೆದು, ಬಣ್ಣದಲ್ಲಿ ವ್ಯತ್ಯಾಸ ಕಂಡರೆ ಅದು ಅಪರೂಪದ ಚಿಪ್ ಇರಬಹುದು ಎಂದು ಸೇರಿಸಿದ್ದೀರಿ. ಈ ಸಲಹೆಯನ್ನು ನಂಬಿ ಹೊರಟವರ ಪಟ್ಟಿ ಹತ್ತು ಚಿಪ್ ದಾಟುವಷ್ಟರಲ್ಲಿ ಕೆಟ್ಟುಹೋಗುತ್ತದೆ. ಲಾಸ್ ವೇಗಸ್ಸಿಗೋ ಅಟ್ಲಾಂಟಿಕ್ ಸಿಟಿಗೋ ಹೋಗಿಬಂದ ಮಕ್ಕಳು, ನೆಂಟರು ನೆನಪಿಗೆಂದು ತಂದುಕೊಟ್ಟ ಚಿಪ್‌ಗಳು ನಮ್ಮಲ್ಲಿ ಎಷ್ಟೋ ಮನೆಗಳ ಷೋಕೇಸಿನಲ್ಲಿವೆ. ಪುರವಣಿ ಓದಿ ಅವನ್ನು ಹೊರತೆಗೆದು ಪಟ್ಟಿ ಮಾಡಲು ಕೂತವರಿಗೆ ನೆರವಾಗಲೆಂದು ಈ ಪತ್ರ. ಉದ್ದವಾಗಿದೆ, ಆದರೂ ಪೂರ್ತಿ ಪ್ರಕಟಿಸಬೇಕೆಂದು ಕೋರಿಕೆ.

ನಾವು ಹೇಳುವುದು ಇಷ್ಟು: ಒಂದು ಬಣ್ಣಭೇದ (ಅದೇ ಚಿಪ್‌ನ ಬೇರೆ ಬಣ್ಣದ ಅಥವಾ ಛಾಯೆಯ ರೂಪ) ಪಟ್ಟಿಗೆ ಸೇರಬೇಕಾದರೆ ಅದು ಕಾರ್ಖಾನೆಯಲ್ಲಿ ಹುಟ್ಟಿದ್ದು ಎಂದು ತೋರಿಸಲು ಬರಬೇಕು. ಬಿಸಿಲು, ಕೈಬೆವರು, ಸಿಗರೇಟಿನ ಹೊಗೆ, ಸೋಪು, ಮೊಬೈಲ್ ಕ್ಯಾಮೆರಾ ಇವು ಹುಟ್ಟಿಸಿದ ಬಣ್ಣಕ್ಕೆ ಅಲ್ಲಿ ಜಾಗವಿಲ್ಲ.

ಚಿಪ್‌ಗೆ ಬಣ್ಣ ಕೊಡುವುದೇ ಮುಖಬೆಲೆ ದೂರದಿಂದ ತಿಳಿಯಲಿ ಎಂದು. ಚಿಪ್ ಹಂಚುವ ಡೀಲರ್‌ಗೂ ಮೇಲಿನಿಂದ ನೋಡುವ ಕಣ್ಗಾವಲು ಕ್ಯಾಮೆರಾಕ್ಕೂ ಮೊದಲು ಕಾಣುವುದು ಅಂಕಿಯಲ್ಲ, ಬಣ್ಣ. 1931ರಲ್ಲಿ ಜೂಜನ್ನು ಕಾನೂನುಬದ್ಧಗೊಳಿಸಿದ, ಲಾಸ್ ವೇಗಸ್ ಇರುವ ನೆವಾಡ ರಾಜ್ಯದಲ್ಲಿ 5 ಡಾಲರ್‌ಗೆ ಕೆಂಪು, 25ಕ್ಕೆ ಹಸಿರು, 100ಕ್ಕೆ ಕಪ್ಪು ಎಂಬುದು ರೂಢಿಯಿಂದ ಬಂದದ್ದು. ಹಾಗಾಗಿ ಹಳೆಯ ನೆವಾಡ ಚಿಪ್‌ಗಳಲ್ಲಿ ಈ ಕ್ರಮ ತಪ್ಪಿದ್ದು ಕಂಡರೆ ಬೆಚ್ಚಬೇಕಿಲ್ಲ. 1978ರ ಮೇ ತಿಂಗಳಲ್ಲಿ ಅಟ್ಲಾಂಟಿಕ್ ಸಿಟಿಯ ಮೊದಲ ಕ್ಯಾಸಿನೊ ಬಾಗಿಲು ತೆರೆದ ನ್ಯೂಜೆರ್ಸಿ ಮಾತ್ರ ಬಣ್ಣವನ್ನೇ ನಿಯಮ ಮಾಡಿತು: 1 ಡಾಲರ್ ಬಿಳಿ, 2.50 ಗುಲಾಬಿ, 5 ಕೆಂಪು, 20 ಹಳದಿ, 25 ಹಸಿರು, 100 ಕಪ್ಪು, 500 ನೇರಳೆ. ಎರಡೂವರೆ ಡಾಲರ್ ಚಿಪ್ ಯಾಕೆ ಬೇಕಾಯಿತು ಎಂದು ಕೇಳುವವರಿಗೆ: ಬ್ಲ್ಯಾಕ್‌ಜಾಕ್ ಎಂಬ ಇಸ್ಪೀಟಾಟದಲ್ಲಿ ಮೊದಲ ಎರಡು ಎಲೆಯಲ್ಲೇ 21 ಬಿದ್ದರೆ ಪಣದ ಒಂದೂವರೆ ಪಟ್ಟು ಕೊಡುವುದು ಸಾಂಪ್ರದಾಯಿಕ ಪದ್ಧತಿ. 5 ಡಾಲರ್ ಕಟ್ಟಿದವನಿಗೆ ಏಳೂವರೆ ಡಾಲರ್ ಕೊಡಬೇಕು, ಆ ಅರ್ಧದ ಲೆಕ್ಕಕ್ಕೆ ಗುಲಾಬಿ ಚಿಪ್.

ನ್ಯೂಜೆರ್ಸಿಯ ನಿಯಮ ಕೆಂಪು, ಹಸಿರು ಎಂದು ಹೆಸರು ಹೇಳಿ ಸುಮ್ಮನಾಗಲಿಲ್ಲ. ಪ್ರತಿ ಬಣ್ಣಕ್ಕೂ ಮನ್ಸೆಲ್ ಪದ್ಧತಿಯ ಸಂಖ್ಯೆ ಕಟ್ಟಿತು. ಆಲ್ಬರ್ಟ್ ಮನ್ಸೆಲ್ ಎಂಬ ಅಮೆರಿಕದ ಚಿತ್ರಕಲಾ ಅಧ್ಯಾಪಕ 20ನೇ ಶತಮಾನದ ಆರಂಭದಲ್ಲಿ ರೂಪಿಸಿದ ಈ ಪದ್ಧತಿಯಲ್ಲಿ ಬಣ್ಣವನ್ನು ಮೂರು ಅಳತೆಯಲ್ಲಿ ಹೇಳುತ್ತಾರೆ. ಅದು ಯಾವ ವರ್ಣ, ಎಷ್ಟು ತಿಳಿ ಅಥವಾ ಕಡು, ಎಷ್ಟು ಗಾಢ (ಬೂದು ಬೆರೆಯದೆ ಎಷ್ಟು ಉಜ್ವಲ). ‘2.5 ಆರ್ 4/12’ ಎಂದು ಬರೆದರೆ ಕೆಂಪು ಕುಟುಂಬದಲ್ಲಿ 2.5ನೇ ಹಂತದ ವರ್ಣ, ಕಪ್ಪು 0 ಬಿಳಿ 10 ಎಂಬ ಏಣಿಯಲ್ಲಿ 4ನೇ ಮೆಟ್ಟಿಲು, ಗಾಢತೆ 12 ಎಂದರ್ಥ. ಒಂದು ರಾಜ್ಯದ ಸರ್ಕಾರವೇ ಹೆಸರನ್ನು ನಂಬದೆ ಸಂಖ್ಯೆ ಕೇಳಿದೆ. ಸಂಗ್ರಾಹಕರು ಅದಕ್ಕಿಂತ ಸಡಿಲವಾಗಿ ಬರೆಯುವುದಕ್ಕೆ ಕಾರಣವೇ ಇಲ್ಲ.

ಚಿಪ್ ಹೇಗೆ ತಯಾರಾಗುತ್ತದೆ ಎಂದು ತಿಳಿಯದೆ ಬಣ್ಣ ಬರೆಯಲು ಹೋಗಬಾರದು. ‘ಕ್ಲೇ ಚಿಪ್’ ಎಂದು ಕರೆದರೂ ಅದು ಬರೀ ಜೇಡಿಮಣ್ಣಲ್ಲ. ಖನಿಜದ ಪುಡಿಗಳು, ಅಂಟು, ಬಣ್ಣದ ಪುಡಿ ಸೇರಿಸಿ ಹಾಳೆಯಂತೆ ಮಾಡಿಕೊಂಡು ಅದರಿಂದ ಬಿಲ್ಲೆಗಳನ್ನು ಕತ್ತರಿಸುತ್ತಾರೆ. ಅಂಚಿನಲ್ಲಿ ಕಾಣುವ ಬೇರೆ ಬಣ್ಣದ ಪಟ್ಟೆಗಳನ್ನು ಸಂಗ್ರಾಹಕರು ಇನ್ಸರ್ಟ್ ಎನ್ನುತ್ತಾರೆ. ಅವು ಮೇಲೆ ಬಳಿದ ಬಣ್ಣವಲ್ಲ, ಬಿಲ್ಲೆಯಿಂದ ತುಂಡು ತೆಗೆದು ಅಲ್ಲಿ ಕೂರಿಸಿದ ಬೇರೆ ಬಣ್ಣದ ತುಂಡುಗಳು. ಆಮೇಲೆ ಎಲ್ಲವನ್ನೂ ಅಚ್ಚಿನಲ್ಲಿಟ್ಟು ಸುಮಾರು 150 ಡಿಗ್ರಿ ಸೆಲ್ಸಿಯಸ್‌ವರೆಗಿನ ಬಿಸಿಯಲ್ಲಿ ಭಾರಿ ಒತ್ತಡ ಹಾಕಿ ಒಂದಾಗಿಸುತ್ತಾರೆ. ಅಂಚಿನ ಸುತ್ತ ಉಬ್ಬಿದ ಚಿತ್ತಾರ ಬೀಳುವುದು ಆಗಲೇ. ಪಾಲ್-ಸನ್ ಕಂಪನಿಯ ಚಿಪ್‌ಗಳಲ್ಲಿ ಟೋಪಿ ಮತ್ತು ಕೋಲು, ಟಿ.ಆರ್. ಕಿಂಗ್ ಕಂಪನಿಯ ಚಿಪ್‌ಗಳಲ್ಲಿ ಗ್ರೀಕ್ ಶೈಲಿಯ ಕೋನಾಕೃತಿಯ ಬಳ್ಳಿ ಹೀಗೆ. ನಡುವೆ ಮುದ್ರಿತ ಬಿಲ್ಲೆ ಇದ್ದರೆ ಅದು ಇನ್‌ಲೇ, ಬಂಗಾರ ಅಥವಾ ಬೆಳ್ಳಿ ಬಣ್ಣದ ತೆಳುಹಾಳೆಯನ್ನು ಬಿಸಿಯಲ್ಲಿ ಒತ್ತಿ ಅಕ್ಷರ ಮೂಡಿಸಿದ್ದರೆ ಹಾಟ್ ಸ್ಟಾಂಪ್. ಸಾಮಾನ್ಯ ಚಿಪ್‌ನ ಅಡ್ಡಳತೆ ಸುಮಾರು 39 ಮಿಲಿಮೀಟರ್, ತೂಕ 8ರಿಂದ 10 ಗ್ರಾಂ.

ಇಲ್ಲಿ ಮುಖ್ಯವಾದದ್ದು, ಒತ್ತಿ ಮಾಡಿದ ಚಿಪ್‌ನ ಮೈಬಣ್ಣ ಒಳಗಿನವರೆಗೂ ಒಂದೇ. ಹೊರಮೈ ಮಾಸಿರಬಹುದು, ಒಳಗು ಮಾಸುವುದಿಲ್ಲ. ಕ್ಯಾಸಿನೊಗಳು ರದ್ದು ಮಾಡಿದ ಚಿಪ್‌ಗಳಿಗೆ ತೂತು ಕೊರೆದೋ ಅಂಚಿನಲ್ಲಿ ಕಚ್ಚು ಹಾಕಿಯೋ ಬಿಡುವುದುಂಟು. ಮಾರುಕಟ್ಟೆಯಲ್ಲಿ ಅವಕ್ಕೆ ಬೆಲೆ ಕಡಿಮೆ, ಪಟ್ಟಿ ಮಾಡುವವರಿಗೆ ಮಾತ್ರ ಅವು ಭಾಗ್ಯ. ಅಂಥ ಒಂದು ತೂತಿನ ಒಳಗೋಡೆಯನ್ನು ಹತ್ತು ಪಟ್ಟಿನ ಭೂತಗನ್ನಡಿಯಲ್ಲಿ, ಬೆಳಕನ್ನು ಓರೆಯಾಗಿ ಬಿಟ್ಟು ನೋಡಿ. ಹೊರಗೆ ಇಟ್ಟಿಗೆ ಬಣ್ಣಕ್ಕೆ ತಿರುಗಿದ ಚಿಪ್‌ನ ಒಳಗೆ ರಕ್ತಗೆಂಪು ಕಾಣುತ್ತದೆ. ಮುಖದಿಂದ ಒಂದು ಕೂದಲೆಳೆ ಒಳಕ್ಕೆ ಹೋದರೆ ಸಾಕು, ಬಣ್ಣ ಬದಲಾಗುವ ಗೆರೆ ಸ್ಪಷ್ಟ. ಹಾಗೆ ಕಂಡರೆ ನಿಮ್ಮ ‘ಇಟ್ಟಿಗೆ ಕೆಂಪು ಭೇದ’ ಅಲ್ಲಿಗೆ ಮುಗಿಯಿತು, ಅದು ಬಿಸಿಲುಂಡ ಮಾಮೂಲಿ ಕೆಂಪು. ತೂತೂ ಹಳೆಯದಾಗಿ ಅದರೊಳಗೆ ಜಿಡ್ಡು ಕೂತಿದ್ದರೆ ಮೊದಲು ಒದ್ದೆ ಹತ್ತಿಕಡ್ಡಿಯಿಂದ ಒರೆಸಿಕೊಳ್ಳಬೇಕು. ಇಡಿಯಾದ ಚಿಪ್‌ಗೆ ಪರೀಕ್ಷೆಗೆಂದು ಯಾರೂ ತೂತು ಕೊರೆಯಬಾರದು. ಅಂಚಿನಲ್ಲಿ ಎಲ್ಲೋ ಚಕ್ಕೆ ಎದ್ದಿದ್ದರೆ ಅದೇ ಸಾಕು.

ನಿಜವಾದ ಭೇದಗಳು ಹುಟ್ಟುವುದು ಹೆಚ್ಚಾಗಿ ಮರು ಆರ್ಡರ್‌ನಲ್ಲಿ. ಚಿಪ್ ಸವೆಯುತ್ತದೆ, ಪ್ರವಾಸಿಗರ ಜೇಬಿನಲ್ಲಿ ಊರು ಬಿಡುತ್ತದೆ, ಕ್ಯಾಸಿನೊ ಮತ್ತೆ ಮಾಡಿಸುತ್ತದೆ. ಎರಡನೇ ಸಲದ ಬಣ್ಣದ ಪುಡಿಯ ಮಿಶ್ರಣ ಮೊದಲಿನದಕ್ಕೆ ಕೂದಲಷ್ಟೂ ತಪ್ಪದೆ ಹೊಂದುವುದು ಅಪರೂಪ. ಮೈಬಣ್ಣ ಹೊಂದಿಸಿದರೂ ಇನ್ಸರ್ಟ್‌ನ ಛಾಯೆ ಬದಲಾಗಿರುತ್ತದೆ, ಹಾಟ್ ಸ್ಟಾಂಪ್‌ನ ಅಕ್ಷರ ಸ್ವಲ್ಪ ದಪ್ಪವಾಗಿರುತ್ತದೆ. ಎರಡನೆಯ ಕಾರಣ ಉದ್ದೇಶಪೂರ್ವಕ. ನ್ಯೂಜೆರ್ಸಿಯಲ್ಲಿ ಬಳಕೆಯ ಚಿಪ್‌ಗಳ ಜೊತೆಗೆ ಮೀಸಲು ಸೆಟ್ ಕೂಡ ಇಟ್ಟಿರಬೇಕೆಂಬ ನಿಯಮವಿತ್ತು, ಅದರ ಇನ್ಸರ್ಟ್ ಬಣ್ಣ ಬೇರೆ. ಖೋಟಾ ಚಿಪ್ ಕಾಣಿಸಿಕೊಂಡರೆ ಅಥವಾ ಕಳವಾದರೆ ರಾತ್ರೋರಾತ್ರಿ ಬದಲಿಸಲು ಅದು ತಯಾರಿರುತ್ತಿತ್ತು. ಇದು ಬರೀ ಪುಸ್ತಕದ ಭಯವಲ್ಲ. 2010ರ ಡಿಸೆಂಬರಿನಲ್ಲಿ ಲಾಸ್ ವೇಗಸ್ಸಿನ ಬೆಲಾಜಿಯೊದಿಂದ ಸುಮಾರು 15 ಲಕ್ಷ ಡಾಲರ್ ಮುಖಬೆಲೆಯ ಚಿಪ್‌ಗಳು ದರೋಡೆಯಾದಾಗ ಆ ಕ್ಯಾಸಿನೊ ತನ್ನ 25,000 ಡಾಲರ್ ಚಿಪ್‌ಗಳನ್ನೇ ರದ್ದುಗೊಳಿಸುವುದಾಗಿ ಘೋಷಿಸಿ, ಇಟ್ಟುಕೊಂಡವರು ಬಂದು ನಗದಾಗಿಸಿಕೊಳ್ಳಲು ಗಡುವು ಕೊಟ್ಟಿತು. ಬಣ್ಣದ ಹೆಸರಿನಿಂದಲೇ ಕರೆಯಲ್ಪಡುತ್ತಿದ್ದ ಚಿಪ್‌ಗಳು ಅವು, ‘ಕ್ರ್ಯಾನ್‌ಬೆರಿ’.

ತಿರುಗುವ ಚಕ್ರದ ಜೂಜಾಟವಾದ ರೂಲೆಟ್‌ನ ಚಿಪ್‌ಗಳ ವಿಚಾರ ಬೇರೆ. ಅವಕ್ಕೆ ಮುಖಬೆಲೆ ಇಲ್ಲ, ಒಂದೇ ಮೇಜಿನ ಆಟಗಾರರಿಗೆ ತಲಾ ಒಂದು ಬಣ್ಣ. ವಿನ್ಯಾಸ ಒಂದೇ, ಬಣ್ಣ ಆರೋ ಎಂಟೋ. ಅಲ್ಲಿ ಪ್ರತಿ ಬಣ್ಣವೂ ಸ್ವತಂತ್ರ ನಮೂದು, ಅನುಮಾನ ಬೇಡ. ಆದರೆ ಮಾಸಿದ ಕಿತ್ತಳೆಯನ್ನು ‘ಪೀಚ್’ ಎಂದು ಇನ್ನೊಂದು ಬಣ್ಣವಾಗಿ ಸೇರಿಸುವ ತಪ್ಪು ಹೆಚ್ಚಾಗಿ ನಡೆಯುವುದೂ ಅಲ್ಲೇ.

ಈಗ ಸುಳ್ಳು ಭೇದಗಳಿಗೆ ಬರೋಣ. ಕಿಟಕಿಯ ಬಳಿಯ ಷೋಕೇಸಿನಲ್ಲಿಟ್ಟ ಚಿಪ್‌ನ ಒಂದು ಮುಖ ಮಾತ್ರ ಮಾಸಿರುತ್ತದೆ. ಎರಡೂ ಮುಖ, ಅಂಚು ಮೂರನ್ನೂ ಹೋಲಿಸದೆ ಬಣ್ಣ ಬರೆಯಬೇಡಿ. ಹೊಳೆಯುವ ಗುಲಾಬಿ, ಕಿತ್ತಳೆಯಂಥ ಪ್ರತಿದೀಪ್ತಿಯ ಬಣ್ಣಗಳು ಎಲ್ಲಕ್ಕಿಂತ ಬೇಗ ಸೋಲುತ್ತವೆ. ಬಿಳಿ ಚಿಪ್ ಹೊಗೆ ಮತ್ತು ಕೈಜಿಡ್ಡಿನಿಂದ ಕೆನೆಬಣ್ಣಕ್ಕೆ ಬರುತ್ತದೆ. ಅಚ್ಚಿನ ಚಿತ್ತಾರದ ಗುಂಡಿಗಳಲ್ಲಿ ಬಣ್ಣ ಗಾಢವಾಗಿದ್ದು ಉಬ್ಬುಗಳಲ್ಲಿ ತಿಳಿಯಾಗಿದ್ದರೆ ಅದು ಕೊಳೆ. ಇನ್ನೊಂದಿದೆ: ಚಿಪ್ ಚೆನ್ನಾಗಿ ಕಾಣಲೆಂದು ಮಿನರಲ್ ಆಯಿಲ್ ಸವರುವ ಅಭ್ಯಾಸ. ಎಣ್ಣೆ ಹೀರಿದ ಚಿಪ್ ಒಂದೆರಡು ಛಾಯೆ ಕಡುವಾಗುತ್ತದೆ. ಅದನ್ನು ‘ಕಡುನೀಲಿ ಭೇದ’ ಎಂದು ಮಾರುವವರೂ ಇದ್ದಾರೆ. ಬಿಳಿ ಟಿಶ್ಯೂ ಕಾಗದದ ಮೇಲೆ ಒಂದು ರಾತ್ರಿ, ಮೇಲೆ ಪುಸ್ತಕದ ಭಾರ ಹೇರಿ ಇಟ್ಟರೆ ಎಣ್ಣೆಯ ಉಂಗುರ ಬೀಳುತ್ತದೆ. ಬೇಕೆಂದೇ ಬ್ಲೀಚ್ ಮಾಡಿದ, ಬಣ್ಣ ಅದ್ದಿದ ಚಿಪ್‌ಗಳೂ ಬರುತ್ತವೆ. ಅವನ್ನು ಹಿಡಿಯಲು ಇನ್ಸರ್ಟ್ ಮತ್ತು ಮೈ ಸೇರುವ ಗೆರೆಯನ್ನು ನೋಡಬೇಕು. ಕಾರ್ಖಾನೆಯಲ್ಲಿ ಒತ್ತಿದ ಗೆರೆ ಚೂರಿಯಲ್ಲಿ ಕೊಯ್ದಂತೆ ಇರುತ್ತದೆ. ಅದ್ದಿದ ಬಣ್ಣ ಆ ಗೆರೆ ದಾಟಿ ಹರಡಿರುತ್ತದೆ, ಎಲ್ಲ ಇನ್ಸರ್ಟ್‌ಗಳೂ ಒಂದೇ ತೆರನಾಗಿ ಮಬ್ಬಾಗಿರುತ್ತವೆ.

ನೆವಾಡದಲ್ಲಿ ಹಿಂದೆ ಹಳೆಯ ಚಿಪ್‌ಗಳನ್ನು ಕಾಂಕ್ರೀಟಿನಲ್ಲಿ, ನೆಲದಲ್ಲಿ ಹೂಳಿ ವಿಲೇವಾರಿ ಮಾಡುತ್ತಿದ್ದುದುಂಟು. ಕಟ್ಟಡ ಕೆಡವಿದಾಗ ಮೇಲೆ ಬಂದ ಅಂಥ ಚಿಪ್‌ಗಳ ಬಣ್ಣವನ್ನು ಆಧಾರವಾಗಿ ಇಟ್ಟುಕೊಳ್ಳಲೇಬಾರದು. ಸುಣ್ಣದ ಅಂಶ, ತೇವ ಸೇರಿ ಮೇಲ್ಮೈ ಪೂರಾ ಬದಲಾಗಿರುತ್ತದೆ.

ತೊಳೆಯುವ ವಿಚಾರದಲ್ಲಿ ನಮ್ಮ ಅಭಿಪ್ರಾಯ ಗಟ್ಟಿ: ಬಣ್ಣ ನೋಡುವ ಮೊದಲು ತೊಳೆಯಬೇಕು, ಆದರೆ ಬಟ್ಟೆ ಒಗೆಯುವ ಪುಡಿಯಿಂದಲ್ಲ. ಆ ಪುಡಿಗಳಲ್ಲಿ ಬಟ್ಟೆ ಬೆಳ್ಳಗೆ ಕಾಣಲೆಂದು ಹಾಕುವ ಆಪ್ಟಿಕಲ್ ಬ್ರೈಟ್ನರ್ ಇರುತ್ತದೆ. ಅದು ಚಿಪ್‌ನ ಗುಂಡಿಗಳಲ್ಲಿ ಉಳಿದು ಅತಿನೇರಳೆ ಬೆಳಕಿನಲ್ಲಿ ನೀಲಿ ಬಿಳಿಯಾಗಿ ಹೊಳೆಯುತ್ತದೆ, ಇಲ್ಲದ ಭೇದವೊಂದು ಹುಟ್ಟಿಕೊಳ್ಳುತ್ತದೆ. ಉಗುರುಬೆಚ್ಚಗಿನ ನೀರು, ಬ್ರೈಟ್ನರ್ ಇಲ್ಲದ ಮೆದು ಸೋಪಿನ ಒಂದು ಹನಿ, ಮಕ್ಕಳ ಮೃದು ಟೂತ್‌ಬ್ರಷ್. ನೆನೆಹಾಕಬೇಡಿ, ಇನ್‌ಲೇ ಅಂಚಿನಲ್ಲಿ ಏಳುತ್ತದೆ. ಹಾಟ್ ಸ್ಟಾಂಪ್ ಮೇಲೆ ಬ್ರಷ್ ಆಡಿಸಲೇಬೇಡಿ, ಬಂಗಾರದ ಅಕ್ಷರ ಕಿತ್ತು ಬರುತ್ತದೆ. ಸ್ಪಿರಿಟ್, ಅಸಿಟೋನ್, ಬ್ಲೀಚ್ ಹತ್ತಿರವೂ ತರಬೇಡಿ. ಒರೆಸಿ, ನೆರಳಿನಲ್ಲಿ ಒಂದು ಇಡೀ ದಿನ ಒಣಗಲು ಬಿಡಿ. ಒದ್ದೆ ಚಿಪ್ ಯಾವಾಗಲೂ ಕಡುವಾಗಿ ಕಾಣುತ್ತದೆ, ತೊಳೆದ ಕೂಡಲೇ ಬರೆದ ಬಣ್ಣ ಅಷ್ಟೂ ತಪ್ಪು. ಕೆಲವು ಹಳೆಯ ಮಿಶ್ರಣಗಳಲ್ಲಿ ತೂಕಕ್ಕೆಂದು ಸೀಸದ ಅಂಶ ಸೇರಿಸುತ್ತಿದ್ದುದರಿಂದ ಕೆಲಸ ಮುಗಿದ ಮೇಲೆ ಕೈ ತೊಳೆದುಕೊಳ್ಳಿ. ಚಿಪ್‌ನ್ನು ಉಜ್ಜುಕಾಗದದಿಂದ ಉಜ್ಜುವುದಂತೂ ಬೇಡವೇ ಬೇಡ.

ಬೆಳಕು ಒಂದೇ ಇರಬೇಕು, ಇದನ್ನು ಬಿಟ್ಟುಕೊಡುವಂತಿಲ್ಲ. ಎರಡು ಚಿಪ್ ಟ್ಯೂಬ್‌ಲೈಟಿನಡಿ ಒಂದೇ ಹಸಿರಾಗಿ ಕಂಡು, ಹಗಲು ಬೆಳಕಿನಲ್ಲಿ ಬೇರೆ ಬೇರೆಯಾಗುವುದುಂಟು. ಎರಡಕ್ಕೂ ಹಾಕಿದ ಬಣ್ಣದ ಪುಡಿ ಬೇರೆಯಾದಾಗ ಹೀಗಾಗುತ್ತದೆ, ಬಣ್ಣಶಾಸ್ತ್ರದಲ್ಲಿ ಇದಕ್ಕೆ ಮೆಟಾಮೆರಿಸಂ ಎನ್ನುತ್ತಾರೆ. ಸೀರೆ ಅಂಗಡಿಯಲ್ಲಿ ಹೊಂದಿಕೆಯಾದ ರವಿಕೆ ಬಟ್ಟೆ ಬೀದಿಗೆ ಬಂದ ಕೂಡಲೇ ಹೊಂದದೆ ಹೋಗುವುದು ಇದೇ ಕಾರಣಕ್ಕೆ. ಸಂಗ್ರಾಹಕರಿಗೆ ಇದು ತೊಡಕೂ ಹೌದು, ಸಾಕ್ಷಿಯೂ ಹೌದು: ಒಂದು ಬೆಳಕಿನಲ್ಲಿ ಒಂದೇ ಆಗಿ, ಇನ್ನೊಂದರಲ್ಲಿ ಬೇರೆಯಾಗುವ ಎರಡು ಶುದ್ಧ ಚಿಪ್‌ಗಳು ಬೇರೆ ಬೇರೆ ಮಿಶ್ರಣದವೆಂದು ಧೈರ್ಯವಾಗಿ ಹೇಳಬಹುದು. ಹೀಗಾಗಿ ಪ್ರತಿ ಜೋಡಿಯನ್ನೂ ಎರಡು ಬೆಳಕಿನಲ್ಲಿ ನೋಡಬೇಕು. ಒಂದು, 5000 ಅಥವಾ 6500 ಕೆಲ್ವಿನ್‌ನ (ಹಗಲಿನಂಥ ಬಿಳಿ ಬೆಳಕಿನ), ಸಿಆರ್‌ಐ (ಬಣ್ಣಗಳನ್ನು ಎಷ್ಟು ನಿಜವಾಗಿ ತೋರಿಸುತ್ತದೆ ಎಂಬ ಅಂಕ) 90ಕ್ಕಿಂತ ಮೇಲಿರುವ ಎಲ್‌ಇಡಿ ದೀಪ. ಡಬ್ಬಿಯ ಮೇಲೆ ಈ ಎರಡೂ ಅಂಕಿ ಬರೆದಿರುತ್ತಾರೆ, ಬರೆದಿಲ್ಲದ್ದನ್ನು ಕೊಳ್ಳಬೇಡಿ. ಇನ್ನೊಂದು, ಹಳದಿ ಬೆಳಕಿನ ಬಲ್ಬು. ಕಿಟಕಿಯ ಬೆಳಕು ಬೆಂಗಳೂರಿನ ಮಳೆಗಾಲದಲ್ಲಿ ಗಂಟೆಗೊಂದು ಬಗೆ, ಅದನ್ನು ನೆಚ್ಚಿ ಬರೆದ ಟಿಪ್ಪಣಿ ಮರುದಿನಕ್ಕೆ ಹೊಂದುವುದಿಲ್ಲ.

ಚಿಪ್‌ನ್ನು ಬಣ್ಣದ ಮೇಜುಬಟ್ಟೆಯ ಮೇಲಿಡಬೇಡಿ. ಹಸಿರು ಬಟ್ಟೆಯ ಮೇಲೆ ಕಂದು ಚಿಪ್ ಕೆಂಪಾಗಿ ಕಾಣುತ್ತದೆ. ನಡುಬೂದು ಬಣ್ಣದ ರಟ್ಟು, ಅದರಲ್ಲಿ 10 ಮಿಲಿಮೀಟರ್‌ನ ಎರಡು ಕಿಂಡಿ. ಒಂದರ ಕೆಳಗೆ ಚಿಪ್‌ನ ಮೈ, ಇನ್ನೊಂದರ ಕೆಳಗೆ ಹೋಲಿಕೆಯ ಬಣ್ಣದ ಚೀಟಿ. ಬೆಳಕು 45 ಡಿಗ್ರಿ ಓರೆಯಲ್ಲಿ ಬೀಳಲಿ, ಕಣ್ಣು ನೇರ ಮೇಲಿನಿಂದ ನೋಡಲಿ. ಆ ಬೆಳಕಿಗೆ ಕಣ್ಣು ಹೊಂದಿಕೊಳ್ಳಲು ಒಂದೆರಡು ನಿಮಿಷ ಕೊಡಿ, ನೋಡುವುದು ಮಾತ್ರ ಕೆಲವೇ ಸೆಕೆಂಡು, ದಿಟ್ಟಿಸಿದಷ್ಟೂ ವ್ಯತ್ಯಾಸ ಮಾಯವಾಗುತ್ತದೆ. ಪಟ್ಟಿ ಮಾಡುವವರು ಒಮ್ಮೆ ಕಣ್ಣಿನ ವೈದ್ಯರಲ್ಲಿ ಇಶಿಹಾರ ಪರೀಕ್ಷೆ ಮಾಡಿಸಿಕೊಳ್ಳುವುದೂ ಒಳ್ಳೆಯದು. ಕೆಂಪು ಹಸಿರಿನ ಬಣ್ಣಗುರುಡು ಹೆಂಗಸರಿಗಿಂತ ಗಂಡಸರಲ್ಲಿ ಬಹಳ ಹೆಚ್ಚು, ಎಷ್ಟೋ ಜನರಿಗೆ ತಮಗಿದೆ ಎಂಬುದೇ ತಿಳಿದಿರುವುದಿಲ್ಲ.

ಹೋಲಿಕೆಗೆ ಮನ್ಸೆಲ್ ಪುಸ್ತಕ ದುಬಾರಿ, ಮನೆಯ ಸಂಗ್ರಹಕ್ಕೆ ಅಷ್ಟು ಖರ್ಚು ಬೇಕಿಲ್ಲ. ನಮ್ಮಲ್ಲಿ ಕೈಗಾರಿಕಾ ಪೇಂಟ್ ಮಾರುವ ಅಂಗಡಿಗಳಲ್ಲಿ ಭಾರತೀಯ ಮಾನಕ ಐಎಸ್ 5ರ ಶೇಡ್ ಕಾರ್ಡ್ ಸಿಗುತ್ತದೆ. ಅದರಲ್ಲಿ 537 ಸಿಗ್ನಲ್ ರೆಡ್, 538 ಪೋಸ್ಟ್ ಆಫೀಸ್ ರೆಡ್. ಎರಡೂ ‘ಕೆಂಪು’, ಪಕ್ಕದಲ್ಲಿಟ್ಟರೆ ಬೇರೆ. ‘537ಕ್ಕಿಂತ ತುಸು ಕಡು, 538ರಷ್ಟಿಲ್ಲ’ ಎಂದು ಬರೆದಿಟ್ಟರೆ ಧಾರವಾಡದಲ್ಲಿ ಕೂತವರಿಗೂ ನ್ಯೂಜೆರ್ಸಿಯಲ್ಲಿರುವ ಅವರ ಮಗಳಿಗೂ ಒಂದೇ ಅರ್ಥ, ಇಬ್ಬರ ಬಳಿಯೂ ಅದೇ ಕಾರ್ಡ್ ಇದ್ದರಾಯಿತು. ಕಾರ್ಡಿನ ಮೇಲ್ಮೈ ನುಣುಪು, ಚಿಪ್‌ನದು ಒರಟು. ಹೊಳಪು ಕಣ್ಣಿಗೆ ಬೀಳದಂತೆ ಕಾರ್ಡನ್ನು ಸ್ವಲ್ಪ ಓರೆ ಮಾಡಿ ನೋಡಬೇಕು. ಕಾರ್ಡನ್ನು ಕತ್ತಲಲ್ಲಿಡಿ, ಅದೂ ಮಾಸುತ್ತದೆ.

ಮೊಬೈಲಿಗೆ ಜೋಡಿಸುವ ಸಣ್ಣ ಬಣ್ಣಮಾಪಕಗಳು ಈಗ ಸಿಗುತ್ತವೆ, ಎಲ್ (ತಿಳಿಯೋ ಕಡುವೋ), ಎ (ಕೆಂಪೋ ಹಸಿರೋ), ಬಿ (ಹಳದಿಯೋ ನೀಲಿಯೋ) ಎಂಬ ಮೂರು ಅಂಕಿ ಕೊಡುತ್ತವೆ. ಒಳ್ಳೆಯ ಸಾಧನ, ಆದರೆ ಅದರ ಕಣ್ಣಿಗಿಂತ ಕಿರಿದಾದ ಇನ್ಸರ್ಟ್ ಮೇಲಿಟ್ಟರೆ ಪಕ್ಕದ ಮೈಬಣ್ಣವನ್ನೂ ಸೇರಿಸಿ ಸುಳ್ಳು ಅಂಕಿ ಕೊಡುತ್ತದೆ. ಮೈಬಣ್ಣವನ್ನು ನಾಲ್ಕಾರು ಕಡೆ ಅಳೆದು ಸರಾಸರಿ ತೆಗೆಯಿರಿ. ಎರಡು ಬಣ್ಣಗಳ ಅಂತರವನ್ನು ಡೆಲ್ಟಾ ಇ ಎಂಬ ಅಳತೆಯಲ್ಲಿ ಹೇಳುತ್ತಾರೆ. 1ರ ಸುಮಾರಿನ ಅಂತರ ನುರಿತ ಕಣ್ಣಿಗೆ ಅರೆಬರೆ ಕಂಡೀತು. ಒಂದೇ ಚಿಪ್‌ನ ಎರಡು ಮುಖಗಳ ನಡುವೆಯೇ ಅಷ್ಟು ವ್ಯತ್ಯಾಸ ಬರುವುದರಿಂದ 3ಕ್ಕಿಂತ ಕಡಿಮೆ ಅಂತರಕ್ಕೆ ಭೇದವೆಂದು ಹೆಸರಿಡುವುದನ್ನು ನಾವು ಒಪ್ಪುವುದಿಲ್ಲ.

ಅತಿನೇರಳೆ (ಯುವಿ) ಟಾರ್ಚ್ ಬಗ್ಗೆ ಎರಡು ಮಾತು. ಅಗ್ಗದ 395 ನ್ಯಾನೊಮೀಟರ್‌ನದು ನೇರಳೆ ಬೆಳಕನ್ನೂ ಚೆಲ್ಲಿ ಎಲ್ಲವನ್ನೂ ನೇರಳೆಯಾಗಿ ತೋರಿಸುತ್ತದೆ. ಫಿಲ್ಟರ್ ಇರುವ 365 ನ್ಯಾನೊಮೀಟರ್‌ನದೇ ಬೇಕು, ಕಣ್ಣಿಗೆ ನೇರ ಬಿಡಬಾರದು. ಕತ್ತಲ ಕೋಣೆಯಲ್ಲಿ ಎರಡು ಚಿಪ್ ಪಕ್ಕಪಕ್ಕ ಇಟ್ಟು ಬೆಳಕು ಬಿಟ್ಟಾಗ, ಹಗಲಿನಲ್ಲಿ ಒಂದೇ ಬಿಳಿಯಾಗಿದ್ದ ಇನ್ಸರ್ಟ್‌ಗಳಲ್ಲಿ ಒಂದರದ್ದು ತಣ್ಣನೆ ನೀಲಿಯಾಗಿ ಉರಿದು ಇನ್ನೊಂದರದ್ದು ಮಂಕಾಗಿ ಹಾಗೇ ಉಳಿದರೆ ಮಿಶ್ರಣ ಬದಲಾಗಿದೆ ಎಂದು ತಿಳಿಯಬಹುದು. ಇಂಥದ್ದನ್ನು ಬಣ್ಣಭೇದ ಎಂದು ಬರೆಯದೆ ‘ಯುವಿ ಭೇದ’ ಎಂದು ಬೇರೆ ಕಾಲಮ್ಮಿನಲ್ಲಿ ಬರೆಯುವುದು ಸರಿ. ಕೈಯಲ್ಲಿ ಹಿಡಿದು ನೋಡುವವರಿಗೆ ಕಾಣದ ಭೇದಕ್ಕೆ ಪಟ್ಟಿಯಲ್ಲಿ ಪ್ರತ್ಯೇಕ ಸಂಖ್ಯೆ ಕೊಡಬಾರದು.

ನಮೂದು ಬರೆಯುವ ಕ್ರಮ: ಕ್ಯಾಸಿನೊ, ಊರು, ಮುಖಬೆಲೆ, ಅಚ್ಚಿನ ಚಿತ್ತಾರ, ಮೈಬಣ್ಣ ಮತ್ತು ಅದರ ಶೇಡ್ ಸಂಖ್ಯೆ, ಇನ್ಸರ್ಟ್ ಎಷ್ಟು ಮತ್ತು ಯಾವ ಬಣ್ಣ, ನಡುವೆ ಇನ್‌ಲೇ ಅಥವಾ ಹಾಟ್ ಸ್ಟಾಂಪ್, ಅಡ್ಡಳತೆ, ತೂಕ, ಯುವಿ, ಸ್ಥಿತಿ. ಇನ್ಸರ್ಟ್‌ಗೆ ತಯಾರಕರ ಸಂಕೇತವೇ ಅನುಕೂಲ. 314 ಎಂದರೆ ಕಾಲು ಇಂಚಿನ ಮೂರು, 418 ಎಂದರೆ ಅರೆಕಾಲು ಇಂಚಿನ ನಾಲ್ಕು. ನಡುವೆ ‘ಡಿ’ ಬಂದರೆ ಅವು ಜೋಡಿಗಳು, 3ಡಿ14 ಎಂದರೆ ಕಾಲು ಇಂಚಿನ ತುಂಡುಗಳು ಎರಡೆರಡಾಗಿ ಮೂರು ಕಡೆ. ವರ್ನಿಯರ್ ಕ್ಯಾಲಿಪರ್ ಮತ್ತು ಚಿನ್ನದಂಗಡಿಯವರು ಬಳಸುವಂಥ 0.01 ಗ್ರಾಂ ತಕ್ಕಡಿ ಇದ್ದರೆ ಉಳಿದದ್ದು ಸುಲಭ. ಬಣ್ಣ ಒಂದೇ ಆಗಿ ತೂಕದಲ್ಲಿ ಅರ್ಧ ಗ್ರಾಂ ವ್ಯತ್ಯಾಸ ಬಂದರೂ ಬರೆದಿಡಿ, ಬೇರೆ ಮಿಶ್ರಣದ ಸುಳಿವು ಕೆಲವೊಮ್ಮೆ ಮೊದಲು ಸಿಗುವುದು ತಕ್ಕಡಿಯಲ್ಲೇ.

ಪಟ್ಟಿಯಲ್ಲಿ ಚಿಪ್‌ಗೆ ಸಂಖ್ಯೆ ಕೊಡುವಾಗ ದೊಡ್ಡ ವ್ಯತ್ಯಾಸದಿಂದ ಸಣ್ಣದಕ್ಕೆ ಬನ್ನಿ. ಅಚ್ಚು, ಇನ್ಸರ್ಟ್ ವಿನ್ಯಾಸ, ನಡುವಿನ ಮುದ್ರಣ ಇವುಗಳಲ್ಲಿ ಯಾವುದು ಬದಲಾದರೂ ಹೊಸ ಸಂಖ್ಯೆ. ಇನ್ಸರ್ಟ್‌ನ ಬಣ್ಣವೇ ಬೇರೆಯಾಗಿ ಕಂದಿನ ಬದಲು ಹಳದಿ ಬಂದಿದ್ದರೆ ಅದೂ ಹೊಸ ಸಂಖ್ಯೆ. ಬಣ್ಣ ಅದೇ ಆಗಿ ಛಾಯೆ ಮಾತ್ರ ಬೇರೆಯಾದರೆ ಅದೇ ಸಂಖ್ಯೆಗೆ ಅ, ಆ, ಇ ಎಂಬ ಉಪಗುರುತು, ಅದೂ ಎರಡು ಷರತ್ತು ಪೂರೈಸಿದ ಮೇಲೆ: ಬೇರೆ ಬೇರೆ ಮೂಲಗಳಿಂದ ಬಂದ ಕನಿಷ್ಠ ಮೂರು ಚಿಪ್‌ಗಳಲ್ಲಿ ಅದೇ ಛಾಯೆ ಇರಬೇಕು, ಚಕ್ಕೆ ಎದ್ದ ಜಾಗದಲ್ಲೋ ತೂತಿನಲ್ಲೋ ಒಳಗೂ ಅದೇ ಬಣ್ಣ ಕಾಣಬೇಕು. ಅಲ್ಲಿಯವರೆಗೆ ‘ಛಾಯೆ ವ್ಯತ್ಯಾಸ, ಖಚಿತವಾಗಿಲ್ಲ’ ಎಂದು ಟಿಪ್ಪಣಿ ಹಾಕಿ ಕಾಯಬೇಕು. ಒಂದೇ ಒಂದು ಚಿಪ್ ನೋಡಿ ಭೇದ ಘೋಷಿಸುವವರಿಂದಲೇ ಈ ಹವ್ಯಾಸದಲ್ಲಿ ಬೆಲೆಯ ಗೊಂದಲ ಹುಟ್ಟಿರುವುದು. ದುಡ್ಡು ಕೊಟ್ಟು ಕೊಂಡವರಿಗೆ ಇದರಿಂದ ಅನ್ಯಾಯವಾಗುತ್ತಿದೆ ಎಂಬುದು ನಮ್ಮ ಕಳವಳ.

ಈ ಪರೀಕ್ಷೆಗಳೆಲ್ಲ ಒತ್ತಿ ಮಾಡಿದ ಚಿಪ್‌ಗೆ. ಸೆರಾಮಿಕ್ ಎಂದು ಕರೆಯುವ ಚಿಪ್‌ಗಳು ಬೇರೆ ಜಾತಿ. ಬಿಳಿ ಪ್ಲಾಸ್ಟಿಕ್ ಬಿಲ್ಲೆಯ ಮೇಲೆ ಚಿತ್ರ ಮುದ್ರಿಸುತ್ತಾರೆ, ಅಂಚಿನ ಪಟ್ಟೆಗಳೂ ಮುದ್ರಣವೇ. ಅದರ ತೂತಿನಲ್ಲಿ ಕಾಣುವುದು ಬಿಳಿ ಮಾತ್ರ. ಅಲ್ಲಿ ಛಾಯೆ ಬದಲಾಗುವುದು ಮುದ್ರಣದ ಶಾಯಿಯಿಂದ, ಸ್ಟಿಕ್ಕರ್ ಅಂಟಿಸಿದ ಅಗ್ಗದ ಪ್ಲಾಸ್ಟಿಕ್ ಚಿಪ್‌ಗಳ ಕಥೆ ಇನ್ನೂ ಬೇರೆ. ಬೆಳಗಾವಿ, ಹುಬ್ಬಳ್ಳಿ ಕಡೆಯಿಂದ ಗೋವಾಕ್ಕೆ ಹೋಗುವವರು ಮಾಂಡೋವಿ ನದಿಯ ತೇಲು ಕ್ಯಾಸಿನೊಗಳ ಚಿಪ್ ನೋಡಿರಬಹುದು. ಅವನ್ನು ಪಟ್ಟಿ ಮಾಡುವವರು ಮೊದಲು ಯಾವ ಜಾತಿ ಎಂದು ತೀರ್ಮಾನಿಸಿಕೊಳ್ಳಲಿ. ಅಂಚಿನ ಗೆರೆ ಒಳಕ್ಕೆ ಇಳಿದಿದೆಯೋ ಮೇಲೆ ಕೂತಿದೆಯೋ ನೋಡಿದರೆ ಗೊತ್ತಾಗುತ್ತದೆ.

ಇಡುವುದಕ್ಕೆ ಮೆದು ಪಿವಿಸಿ ಲಕೋಟೆ ಬೇಡ. ಅದರಿಂದ ಜಿನುಗುವ ಎಣ್ಣೆಯಂಥ ವಸ್ತು ಚಿಪ್‌ನ ಮೈಯನ್ನು ಅಂಟಾಗಿಸುತ್ತದೆ. ಗಟ್ಟಿ ಪ್ಲಾಸ್ಟಿಕ್ ಕ್ಯಾಪ್ಸೂಲ್ ಅಥವಾ ಪಾಲಿಪ್ರೊಪಿಲೀನ್ ಹಾಳೆ ಸಾಕು. ಮಂಗಳೂರು, ಕಾರವಾರದ ಮಳೆಗಾಲದಲ್ಲಿ ಇನ್‌ಲೇ ಮೇಲೆ ಬೂಸ್ಟು ಬರುವುದರಿಂದ ಡಬ್ಬಿಯಲ್ಲಿ ತೇವ ಹೀರಿದಾಗ ಬಣ್ಣ ಬದಲಿಸುವ ಬಗೆಯ ಸಿಲಿಕಾ ಜೆಲ್ ಪೊಟ್ಟಣ ಹಾಕಿ, ಬಣ್ಣ ಬದಲಾದ ಕೂಡಲೇ ಅದನ್ನು ಬದಲಿಸಿ.

ಕೊನೆಗೆ ಚಿತ್ರದ ಮಾತು, ಇದು ನಿಮ್ಮ ಪತ್ರಿಕೆಗೂ ಸಂಬಂಧಿಸಿದ್ದು. ಮೊಬೈಲ್ ಕ್ಯಾಮೆರಾ ಬಿಳುಪನ್ನು ತಾನೇ ಹೊಂದಿಸಿಕೊಳ್ಳುತ್ತದೆ. ಕೆಂಪು ಚಿಪ್ ಒಂದನ್ನೇ ತುಂಬು ಚೌಕಟ್ಟಿನಲ್ಲಿ ತೆಗೆದರೆ ಅದನ್ನು ತಣ್ಣಗಾಗಿಸಿ ಮಂಕು ಮಾಡುತ್ತದೆ. ಪಕ್ಕದಲ್ಲಿ 18 ಶೇಕಡಾ ಬೂದು ಕಾರ್ಡ್ ಇಟ್ಟು, ಎಕ್ಸ್‌ಪೋಷರ್ ಮತ್ತು ವೈಟ್ ಬ್ಯಾಲೆನ್ಸ್ ಲಾಕ್ ಮಾಡಿ ತೆಗೆದ ಚಿತ್ರ ಮಾತ್ರ ಹೋಲಿಕೆಗೆ ಬರುತ್ತದೆ. ಸ್ಕ್ಯಾನರ್ ಆದರೆ 600 ಡಿಪಿಐ, ‘ಆಟೊ ಕರೆಕ್ಷನ್’ ಆಫ್. ತೆಳ್ಳನೆಯ ಅಗ್ಗದ ಸ್ಕ್ಯಾನರ್‌ಗಳಲ್ಲಿ ತಗ್ಗಿನಲ್ಲಿರುವ ಇನ್‌ಲೇ ಮಬ್ಬಾಗಿ ಬರುತ್ತದೆ, ಪ್ರತಿದೀಪ್ತಿಯ ಗುಲಾಬಿ ಯಾವ ಸ್ಕ್ಯಾನರಿನಲ್ಲೂ ಸರಿ ಬರುವುದಿಲ್ಲ. ಅಂಚಿನ ಚಿತ್ರ ಬೇರೆಯಾಗಿಯೇ ತೆಗೆಯಬೇಕು.

ಪತ್ರಿಕೆಯ ಕಾಗದದ ಮೇಲೆ ನಾಲ್ಕು ಶಾಯಿಯ ಮುದ್ರಣದಲ್ಲಿ ಗಾಢ ನೇರಳೆ, ಹೊಳೆಯುವ ಗುಲಾಬಿ ಎರಡೂ ನಿಲ್ಲುವುದಿಲ್ಲ. ನಿಮ್ಮ ಪುಟದಲ್ಲಿ ‘ನೇರಳೆ 500 ಡಾಲರ್’ ಎಂದು ಬರೆದ ಚಿತ್ರ ನಮ್ಮ ಪ್ರತಿಯಲ್ಲಿ ಕಂದುಮಿಶ್ರಿತ ನೀಲಿಯಾಗಿದೆ. ಅದನ್ನು ನೋಡಿ ತಮ್ಮ ಚಿಪ್ ಬೇರೆ ಛಾಯೆಯದೆಂದು ಓದುಗರು ಭಾವಿಸಿದರೆ ತಪ್ಪು ಅವರದಲ್ಲ. ಮುಂದಿನ ಸಲ ಇಂಥ ಪುಟ ಮಾಡುವಾಗ ಪ್ರತಿ ಚಿತ್ರದ ಪಕ್ಕ ಬೂದು ಪಟ್ಟಿಯೊಂದನ್ನು ಸೇರಿಸಿ, ಅಡಿಬರಹದಲ್ಲಿ ಅಚ್ಚು, ಇನ್ಸರ್ಟ್ ಸಂಕೇತ, ಶೇಡ್ ಸಂಖ್ಯೆ ಮೂರನ್ನೂ ಕೊಡಿ. ಈಗಾಗಲೇ ಪ್ರಕಟವಾದ ಚಿತ್ರಗಳ ಬಣ್ಣ ಹೋಲಿಕೆಗೆ ಅಲ್ಲ ಎಂದು ಒಂದು ಸಾಲಿನ ತಿದ್ದುಪಡಿಯನ್ನು ಈ ಭಾನುವಾರವೇ ಹಾಕಬೇಕೆಂದು ವಿನಂತಿ.

ಇಂತಿ,
ಹವ್ಯಾಸಿ ಚಿಪ್ ಸಂಗ್ರಾಹಕರು,
ಬೆಂಗಳೂರು